ತಳದ ಪಾಲು

"ತೆಗಿಯೇ ಕೈನ! ನನ್ ತೊಟ್ಟಿಗೆ ಕೈ ಹಾಕಿದ್ರೆ ಮೂಳೆ ಮುರೀತೀನಿ. ಧಣಿ ಬೂಟು ನೆಕ್ಕೋ ಮುಂಡೆ!"

ಬಾಯಿಬಡ್ಕಿ ಬ್ರಷ್ಷನ್ನು ತೊಟ್ಟಿಯ ಅಂಚಿಗೆ ಕುಟ್ಟಿದ ರಭಸಕ್ಕೆ ತೊಳೆಯುವ ಸೋಡಾದ ನೀರು ಸಿಡಿದು ಚಿಟಿಕೆಯ ಕಣ್ಣಿಗೇ ಬಿತ್ತು. ಉರಿ ಅಂದರೆ ಉರಿ. ಚಿಟಿಕೆ ತೋಳಿನಿಂದ ಕಣ್ಣೊರೆಸಿಕೊಂಡು ಮೂಲೆಯಲ್ಲಿದ್ದ ಸೋರುವ ತೊಟ್ಟಿಯ ಕಡೆ ನಡೆದಳು. ಆ ತೊಟ್ಟಿಗೆ ಯಾರೂ ಹೋಗುವುದಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಕಾಲು ನೆನೆದು ಬೆರಳ ಸಂದಿ ಬಿರಿದಿರುತ್ತದೆ.

ಹಳೇ ಬಾಟಲಿ ತೊಳೆಯುವ ಕಾರ್ಖಾನೆ ಅದು. ಊರಿನವರು ಕುಡಿದು, ಬಳಿದುಕೊಂಡು, ಖಾಲಿ ಮಾಡಿ ಎಸೆದ ಬಾಟಲಿಗಳೆಲ್ಲ ಗೋಣಿಗಳಲ್ಲಿ ಬಂದು ಅಲ್ಲಿ ಬೀಳುತ್ತವೆ. ಹೆಂಗಸರು ಸಾಲಾಗಿ ನಿಂತು ಅವುಗಳ ಹೊಟ್ಟೆ ತೊಳೆಯುತ್ತಾರೆ. ಬಾಟಲಿಗೆ ಹೊಳಪು ಬರುತ್ತದೆ, ತೊಳೆದ ಕೈಯ ಚರ್ಮ ಸುಲಿಯುತ್ತದೆ. ಅಲ್ಲಿ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವ ರೂಢಿಯಿಲ್ಲ. ಗಂಟಲು ದೊಡ್ಡದಿದ್ದವಳು ಬಾಯಿಬಡ್ಕಿ. ಎಣ್ಣೆಯಿಂದ ಹಿಡಿದು ಉಪ್ಪಿನವರೆಗೆ ಎಲ್ಲವನ್ನೂ ಚಿಟಿಕೆ ಚಿಟಿಕೆಯಾಗಿ ಬಳಸುವವಳು ಚಿಟಿಕೆ. ಮೊದಲೆಲ್ಲ ಆ ಹೆಸರಲ್ಲಿ ಗೇಲಿಯಿತ್ತು, ಪ್ರೀತಿಯೂ ಇತ್ತು. ಈಗ ಅದನ್ನು ಉಗಿದ ಹಾಗೆ ಹೇಳುತ್ತಾರೆ.

"ಏನೇ ಅದು ಗಲಾಟೆ? ತೊಳೀರೇ ಬೇವರ್ಸಿಗಳಾ!" ಮೇಸ್ತ್ರಿ ದೂರದಿಂದಲೇ ಕೂಗಿದ.

"ತೊಳೀತಿದ್ದೀವಿ ಸಾಮಿ," ಎಂದಳು ಬಾಯಿಬಡ್ಕಿ. "ಬಾಟ್ಲಿನೂ ತೊಳೀತಿದ್ದೀವಿ, ನಮ್ ಬಾಯಿಗ್ ಬಿದ್ದ ಮಣ್ಣೂ ತೊಳ್ಕೋತಿದ್ದೀವಿ."

ಬಾಯಿಗೆ ಮಣ್ಣು ಬಿದ್ದದ್ದು ನಿಜ. ವಾರದ ಕೂಲಿಯ ಜೊತೆ ಅಕ್ಕಿಗೆಂದು ಒಂದಿಷ್ಟು ಸೇರಿಸಿ ಕೊಡುತ್ತಿದ್ದರು. ಅಕ್ಕಿದುಡ್ಡು ಎಂದೇ ಅದಕ್ಕೆ ಹೆಸರು. ಸಂತೆಯಲ್ಲಿ ಬೆಲೆ ಏರಿತು, ಅಕ್ಕಿದುಡ್ಡು ಹೆಚ್ಚಿಸಿ ಎಂದು ಹೆಂಗಸರೂ ಗಂಡಸರೂ ಒಟ್ಟಾಗಿ ಧಣಿಯನ್ನು ಕೇಳಲು ಹೋದರು. ಧಣಿ ಹೆಚ್ಚಿಸುವುದಿರಲಿ, ಇದ್ದದ್ದನ್ನೇ ನಿಲ್ಲಿಸಿಬಿಟ್ಟ. ಅದಕ್ಕೆ ಕಾರಣ ಚಿಟಿಕೆ. ಅವಳೇ ಕಾರಣ ಎಂದು ಧಣಿಯೇ ಎಲ್ಲರೆದುರು ಹೇಳಿದ ಮೇಲೆ ಇನ್ನು ಯಾರನ್ನು ಕೇಳಬೇಕು?

ಅದಕ್ಕೂ ಮೊದಲು ಕಾರ್ಖಾನೆಗೆ ಕಲ್ಯಾಣಾಧಿಕಾರಿ ಎಂದು ಒಬ್ಬರು ಮೇಡಂ ಬಂದಿದ್ದರು. ಯಾರ ಕಲ್ಯಾಣವೋ, ಆ ದೇವರೇ ಬಲ್ಲ. ಒಳ್ಳೆಯವರೇ. ಮೈಗೆ ಸುಗಂಧ, ಮಾತಿಗೆ ಜೇನು. ಕೆಲಸ ಮುಗಿದ ಮೇಲೆ ಹೆಂಗಸರನ್ನೆಲ್ಲ ಊಟದ ಹಾಲ್‌ನಲ್ಲಿ ಕೂರಿಸಿ, ಮನೆಸಾಮಾನಿನ ಖರ್ಚು ಹೇಗೆ ಹಿಡಿತದಲ್ಲಿ ಇಡಬೇಕು ಎಂದು ಪಾಠ ಶುರು ಮಾಡಿದರು. ವಾರಕ್ಕೆ ಮೊದಲೇ ಯೋಚಿಸಿ. ಹಸಿದು ಅಂಗಡಿಗೆ ಹೋಗಬೇಡಿ, ಹಸಿದವರು ಬೇಡದ್ದೆಲ್ಲ ಕೊಳ್ಳುತ್ತಾರೆ. ಕೆಲಸ ಬಿಟ್ಟು ನೇರ ಅಂಗಡಿಗೆ ಹೋಗುವ ಹೆಂಗಸರು ಇದನ್ನು ಕೇಳಿ ಮುಖ ಮುಖ ನೋಡಿಕೊಂಡರು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅಲ್ವಾ?" ಎಂದರು ಮೇಡಂ.

"ಹಾಸಿಗೆನೇ ಇಲ್ದೋರು ಕಾಲು ಕಡ್ದು ಮೂಲೇಲಿಡ್ಬೇಕಾ ಮೇಡಂ?" ಎಂದಳು ಬಾಯಿಬಡ್ಕಿ.

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಚಿಟಿಕೆಯೂ ನಕ್ಕಿದ್ದಳು. ಆಗ ಬಾಯಿಬಡ್ಕಿ ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು.

ಪಾಠದ ಕೊನೆಗೆ ಒಂದು ಸ್ಪರ್ಧೆ. ಯಾರು ಅತಿ ಕಡಿಮೆ ದುಡ್ಡಿನಲ್ಲಿ ಒಂದು ವಾರ ಮನೆಯವರ ಹೊಟ್ಟೆ ತುಂಬಿಸುತ್ತಾರೋ ಅವರಿಗೆ ಬಹುಮಾನ. ಚಿಟಿಕೆಯ ಮನೆಗೆ ಮೇಡಂ ತಾವೇ ಬಂದರು. ಒಂದೇ ಕೋಣೆಯ ಮನೆ, ಮಂಚದಷ್ಟು ಅಡುಗೆಜಾಗ. ಎಣ್ಣೆ ಬಾಟಲಿಯ ಮುಚ್ಚಳ ತೆಗೆಯದೆ, ಅದಕ್ಕೊಂದು ಮೊಳೆತೂತು ಹೊಡೆದು ಹನಿ ಹನಿಯಾಗಿ ಬೀಳಿಸುವುದನ್ನು ನೋಡಿದರು. ಸಂತೆ ಎದ್ದ ಮೇಲೆ ಉಳಿದ ಬಾಡು ಸೊಪ್ಪು, ತುಂಡಾದ ಆಲೂಗಡ್ಡೆ ಗುಡ್ಡೆಯಾಗಿ ಸಿಗುವುದನ್ನು ಕೇಳಿದರು. ಕೊನೆಗೆ ಅವಳು ಅಕ್ಕಿ ಅಳೆದು ಪಾತ್ರೆಗೆ ಹಾಕಿ, ಅದರಿಂದ ಒಂದು ಹಿಡಿ ವಾಪಸ್ ತೆಗೆದು ಡಬ್ಬಿಗೆ ಹಾಕಿದಳು.

"ಇದೇನಮ್ಮ ಇದು?"

"ವಾರದ ಕೊನೆಗೆ ಬೇಕಾಗುತ್ತಲ್ಲ ಮೇಡಂ. ದಿನಾ ಒಂದ್ ಹಿಡಿ ತೆಗ್ದಿಡ್ತೀನಿ."

"ವಾಹ್! ಇದೇ ಉಳಿತಾಯ ಅಂದ್ರೆ! ನಿಮ್ಮಲ್ಲಿ ಎಷ್ಟು ಜನ?"

"ಆರು ಜನ. ನಮ್ಮ ಯಜಮಾನ್ರು, ಅತ್ತೆ, ಮೂರ್ ಮಕ್ಳು, ನಾನು."

ಅವಳು ಸುಳ್ಳು ಹೇಳಲಿಲ್ಲ. ಆರು ಜನ ಇದ್ದದ್ದು ಹೌದು. ಆ ಹಿಡಿ ಯಾರ ಪಾಲಿನದು ಎಂದು ಮೇಡಂ ಕೇಳಲಿಲ್ಲ, ಇವಳಿಗೂ ಹೇಳಬೇಕು ಅನ್ನಿಸಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳಕ್ಕೆ ಹಿಡಿದದ್ದನ್ನು ಕೆರೆದು, ಒಂದು ಲೋಟ ನೀರು ಕುಡಿದು ಏಳುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಊಟವಲ್ಲ ಎಂಬುದೇ ಮರೆತುಹೋಗಿತ್ತು.

ಬಹುಮಾನವಾಗಿ ಕುಕ್ಕರ್ ಬಂತು. ಫೋಟೋ ತೆಗೆದರು. ಹುಟ್ಟಿದಾರಭ್ಯ ಯಾರೂ ಭೇಷ್ ಅಂದಿರದ ಹೆಂಗಸು, ಅವತ್ತು ಕುಕ್ಕರನ್ನು ಎದೆಗವಚಿಕೊಂಡು ಮನೆಗೆ ಬಂದಳು. ಹೆಮ್ಮೆಪಟ್ಟಳು. ಪಡಬಾರದಿತ್ತೇ? ಆ ಫೋಟೋವನ್ನೇ ಧಣಿ ಮುಂದಿನ ವಾರ, ಅಕ್ಕಿದುಡ್ಡು ಹೆಚ್ಚಿಸಿ ಎಂದು ಬಂದವರೆಲ್ಲರೆದುರು ಎತ್ತಿ ಹಿಡಿದ.

"ನೋಡ್ರೋ! ನಿಮ್ಮವಳೇ ಇವಳು. ಅದೇ ಕೂಲಿ, ಅದೇ ಸಂತೆ. ಅಕ್ಕಿದುಡ್ಡು ಮುಟ್ಟದೇನೇ ಆರು ಜನಾನ ಸಾಕ್ತಾಳೆ. ನಿಮಗೆ ಕಮ್ಮಿ ಇರೋದು ದುಡ್ಡಲ್ಲ, ಬುದ್ಧಿ! ಬಾಯಿಚಪಲ ಬಿಡಿ. ಅಕ್ಕಿದುಡ್ಡು ಇನ್ನು ಬೇಕಾಗಿಲ್ಲ."

ಹಣ ಕೊಟ್ಟು ಹಗ್ಗ ತಂದು ಕೈ ಕಟ್ಟಿಸಿಕೊಂಡರು ಅನ್ನುತ್ತಾರಲ್ಲ, ಇವಳು ಹಣವನ್ನೂ ಕೊಡದೆ ಇಡೀ ಕಾರ್ಖಾನೆಯ ಕೈ ಕಟ್ಟಿಸಿದ್ದಳು.

ಅಂದಿನಿಂದ ನಲ್ಲಿಯ ಸಾಲಿನಲ್ಲಿ ಅವಳ ಕೊಡವನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾರೆ. ಅವಳ ಮಕ್ಕಳನ್ನು ಆಟಕ್ಕೆ ಸೇರಿಸುವುದಿಲ್ಲ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಕುಕ್ಕರ್ ರಾಣಿ ಬಂದ್ಲು, ದಾರಿ ಬಿಡ್ರೇ!" ಎಂದು ಬಾಯಿಬಡ್ಕಿ ಕೂಗುತ್ತಾಳೆ. ಬಾಯಿಬಡ್ಕಿಗೂ ಮನೆಯಲ್ಲಿ ಹಾಸಿಗೆ ಹಿಡಿದ ಮಗನಿದ್ದಾನೆ. ಅಕ್ಕಿದುಡ್ಡಿನಲ್ಲಿ ಅವನಿಗೆ ಹಾಲು ಬರುತ್ತಿತ್ತು. ಅದು ಚಿಟಿಕೆಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಿರುಗಿ ಬೈಯಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಕುಕ್ಕರ್ ಅಟ್ಟದ ಮೇಲೆ ಕೂತಿತ್ತು. ಅದರಲ್ಲಿ ಇಡಲು ಏನಾದರೂ ಇರಬೇಕಲ್ಲ?

ಚಿಟಿಕೆಯ ಗಂಡ ಮೊದಲು ಗೋಣಿ ಹೊರುತ್ತಿದ್ದ. ಬಾಟಲಿ ತುಂಬಿದ ಗೋಣಿ ಬೆನ್ನ ಮೇಲೆ ಕುಸಿದು ಸೊಂಟ ಹೋಯಿತು. ಈಗ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತು ಲಾರಿ ಬಂದಾಗ ಗೇಟು ತೆಗೆಯುತ್ತಾನೆ. ಅರ್ಧ ಕೂಲಿ. ಆ ಸ್ಟೂಲು ಧಣಿಯ ದಯೆ ಎಂದು ವಾರಕ್ಕೊಮ್ಮೆಯಾದರೂ ಯಾರಾದರೂ ಅವನಿಗೆ ನೆನಪಿಸುತ್ತಾರೆ.

"ನೀನ್ಯಾಕೆ ಆ ಹಾಳು ಪಾಠಕ್ಕೆ ಹೋದ್ಯೇ?" ಎಂದ ಅವನು ಒಂದು ಸಂಜೆ, ತಟ್ಟೆಯ ಮುಂದೆ ಕೂತು.

"ಎಲ್ರೂ ಹೋದ್ರು, ನಾನೂ ಹೋದೆ."

"ಎಲ್ರೂ ಬಾಯ್ಮುಚ್ಕೊಂಡು ಬಂದ್ರು. ನೀನು ಗೆದ್ದು ಬಂದೆ."

ಅವಳು ಗಂಜಿ ಬಡಿಸಿದಳು. ಅಕ್ಕಿದುಡ್ಡು ನಿಂತ ಮೇಲೆ ಗಂಜಿ ಇನ್ನೂ ತೆಳ್ಳಗಾಗಿತ್ತು. ಗಂಡನಿಗೆ, ಅತ್ತೆಗೆ, ಸಣ್ಣವರಿಬ್ಬರಿಗೆ, ದೊಡ್ಡ ಮಗಳಿಗೆ. ದೊಡ್ಡವಳು ತನ್ನ ತಟ್ಟೆಯಿಂದ ಮುಕ್ಕಾಲು ಭಾಗ ಕಿರಿಯವನ ತಟ್ಟೆಗೆ ಬಗ್ಗಿಸಿದಳು.

"ಏಯ್, ಯಾಕೇ?"

"ನಂಗೆ ಹಸಿವಿಲ್ಲಮ್ಮ. ಗೆಳತಿ ಬ್ರೆಡ್ ಕೊಟ್ಟಿದ್ಲು."

ಹೇಳಿದವಳೇ ಎದ್ದು, ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, ಚಮಚದಲ್ಲಿ ತಳ ಕೆರೆಯತೊಡಗಿದಳು. ಕರ್ ಕರ್ ಕರ್. ಚಿಟಿಕೆಯ ಕೈ ನಿಂತುಹೋಯಿತು. ಆ ಸದ್ದು ಅವಳದು. ಬೇರೆ ಯಾರ ಕೈಯಿಂದಲೂ ಅವಳು ಅದನ್ನು ಕೇಳಿರಲಿಲ್ಲ. ಹುಡುಗಿ ಮಗ್ಗುಲು ತಿರುಗಿ ಪಾತ್ರೆಯನ್ನು ವಾಲಿಸಿ ಹಿಡಿದ ರೀತಿ, ಅಂಟಿದ್ದನ್ನು ಬೆರಳಲ್ಲಿ ತೆಗೆದ ರೀತಿ, ಕೊನೆಗೆ ನೀರಿನ ಲೋಟಕ್ಕೆ ಕೈ ಚಾಚಿದ ರೀತಿ, ಎಲ್ಲವೂ ಅಮ್ಮನದೇ.

ಚಿಟಿಕೆ ಹೋಗಿ ಚಮಚ ಕಿತ್ತುಕೊಂಡು ಮಗಳ ಬೆನ್ನಿಗೊಂದು ಬಿಟ್ಟಳು.

"ಹಸಿವಿಲ್ಲ ಅಂತ ಇನ್ನೊಂದ್ಸಲ ಅಂದ್ರೆ ಹಲ್ಲು ಉದುರಿಸ್ತೀನಿ! ಯಾರೇ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?"

ಹುಡುಗಿ ಅಳಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಮೂಲೆಯಿಂದ ಅತ್ತೆ ಕೆಮ್ಮಿದಳು.

"ಅದುನ್ನ ಯಾಕ್ ಹೊಡೀತಿ? ನಿಂಗೆ ನಾನ್ ಹೇಳ್ಕೊಟ್ಟಿದ್ನಾ? ನನ್ನ ನೋಡಿ ಕಲ್ತೆ. ನಾನು ನಮ್ಮತ್ತೆನ ನೋಡಿ ಕಲ್ತೆ. ಇದುನ್ನ ಯಾರೂ ಹೇಳ್ಕೊಡಲ್ಲ ಕಣೇ ತಾಯಿ."

ಗಂಡ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತಿದ್ದ. ಇಷ್ಟು ವರ್ಷ ಅವನು ಒಮ್ಮೆಯೂ ಪಾತ್ರೆಯ ಕಡೆ ನೋಡಿರಲಿಲ್ಲ. ಅವತ್ತು ನೋಡಿದ. ನೋಡಿದ ಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿದ, ಚಿಟಿಕೆಗೆ ಅವನನ್ನು ಸಮಾಧಾನ ಮಾಡುವ ತ್ರಾಣವಿರಲಿಲ್ಲ. ಸೆಟೆದ ಸೊಂಟವನ್ನು ಗೋಡೆಗಾನಿಸಿ ಕೂತಳು. ಸಾಕಾಗಿತ್ತು ಅವಳಿಗೆ. ಬೈಗುಳ ಸಾಕಾಗಿತ್ತು, ಅಳೆಯುವುದು ಸಾಕಾಗಿತ್ತು, ತಾನು ಜಾಣೆ ಅನ್ನಿಸಿಕೊಂಡದ್ದಂತೂ ಸಾಕೋ ಸಾಕಾಗಿತ್ತು.

ಮೇಡಂ ಅವಳನ್ನು ಆಫೀಸಿಗೆ ಕರೆಸಿದರು. ಕುರ್ಚಿ ತೋರಿಸಿದರು. ಒದ್ದೆ ಬಟ್ಟೆಯಲ್ಲಿ ಕೂರುವುದು ಹೇಗೆಂದು ಚಿಟಿಕೆ ನಿಂತೇ ಇದ್ದಳು.

"ಒಳ್ಳೆ ಸುದ್ದಿ ಕಣಮ್ಮ. ಬೇರೆ ಕಾರ್ಖಾನೆಗಳ ಧಣಿಗಳೆಲ್ಲ ಬರ್ತಿದಾರೆ. ನೀವು ಊಟದ ಹಾಲ್‌ನಲ್ಲಿ ಎಲ್ಲರ ಮುಂದೆ ಅಡುಗೆ ಮಾಡಿ ತೋರಿಸ್ಬೇಕು. ಇಷ್ಟೇ ದುಡ್ಡಿನ ಸಾಮಾನು, ಆರು ಜನರ ಊಟ. ಅವರ ಕೆಲಸಗಾರರಿಗೂ ಅನುಕೂಲ ಆಗುತ್ತಲ್ವಾ?"

ಅನುಕೂಲ! ಹಾಗಾದರೆ ಅಲ್ಲಿಯೂ ಅಕ್ಕಿದುಡ್ಡು ನಿಲ್ಲುತ್ತದೆ. ಅಲ್ಲಿಯೂ ಯಾರೋ ಹುಡುಗಿಯರು ತಳ ಕೆರೆಯಲು ಕಲಿಯುತ್ತಾರೆ.

"ನಂಗ್ ಬೇಡ ಮೇಡಂ. ಬೇರೆ ಯಾರ್ನಾದ್ರೂ ಕರೀರಿ."

ಮೇಡಮ್ಮಿನ ಮುಖದ ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. "ನಿಮ್ಮ ಯಜಮಾನ್ರು ಗೇಟಲ್ಲಿ ಕೂರ್ತಾರಲ್ಲ? ಆ ಜಾಗಕ್ಕೆ ಮೈಗಟ್ಟಿ ಇರೋರು ಬೇಕು ಅಂತ ಧಣಿಗಳು ಹೇಳ್ತಾನೇ ಇರ್ತಾರೆ. ನಾನೇ ತಡೆದಿಟ್ಟಿದ್ದೀನಿ. ಯೋಚ್ನೆ ಮಾಡಿ."

ಚಿಟಿಕೆ ತಲೆತಗ್ಗಿಸಿ ನೆಲ ನೋಡಿದಳು. ತನ್ನ ಕಾಲಿನಿಂದ ಇಳಿದ ನೀರು ಮೇಡಮ್ಮಿನ ಚಾಪೆಯ ಅಂಚು ಮುಟ್ಟುತ್ತಿತ್ತು.

"ಆಗ್ಲಿ ಮೇಡಂ. ನಮ್ ಮನೆ ಪಾತ್ರೆನೇ ತರ್ತೀನಿ. ಕುಕ್ಕರಲ್ಲಿ ನಂಗೆ ಅಳತೆ ತಿಳಿಯಲ್ಲ."

ಆ ದಿನ ಊಟದ ಹಾಲ್‌ನ ಮುಂಭಾಗದಲ್ಲಿ ಕುರ್ಚಿ ಹಾಕಿದ್ದರು. ಧಣಿ, ಅವನಂಥವರೇ ಇನ್ನೊಂದಷ್ಟು ಧಣಿಗಳು, ಮೇಡಂ. ಹಿಂದೆ ನೆಲದ ಮೇಲೆ ಕೆಲಸದವರು. ಬಾರದಿದ್ದರೆ ಅರ್ಧ ದಿನದ ಕೂಲಿ ಕಟ್ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಬಾಯಿಬಡ್ಕಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಚಿಟಿಕೆಯ ದೊಡ್ಡ ಮಗಳು ಪಾತ್ರೆ ಹೊತ್ತು ತಂದು ಬಾಗಿಲ ಬಳಿ ನಿಂತಿದ್ದಳು.

ಚಿಟಿಕೆ ಅಡುಗೆ ಮಾಡಿದಳು. ನುಚ್ಚಕ್ಕಿ ಅಳೆದಳು. ಒಂದು ಹಿಡಿ ವಾಪಸ್ ತೆಗೆದಾಗ ಧಣಿಗಳು ಚಪ್ಪಾಳೆ ತಟ್ಟಿದರು. ಮೊಳೆತೂತಿನಿಂದ ಎಣ್ಣೆ ಹನಿ ಹನಿಯಾಗಿ ಬಿದ್ದಾಗ ಒಬ್ಬ, "ಭಲೇ! ನನ್ ಹೆಂಡ್ತೀನ ಇಲ್ಲಿಗೆ ಕಳಿಸ್ಬೇಕು," ಎಂದ. ಅದಕ್ಕೆ ಎಲ್ಲ ಕುರ್ಚಿಗಳೂ ಅಲುಗಾಡಿದವು. ನೆಲದ ಮೇಲೆ ಕೂತವರು ಯಾರೂ ನಗಲಿಲ್ಲ. ಗಂಜಿ ಕುದಿಯಿತು, ಬೇಳೆ ಕರಗಿತು, ಬಾಡು ಸೊಪ್ಪು ಬಿತ್ತು, ಚಿಟಿಕೆ ಉಪ್ಪು ಬಿತ್ತು. ವಾಸನೆ ಹಾಲ್ ತುಂಬ ಹರಡಿತು. ಬೆಳಗಿನಿಂದ ನಿಂತು ಬಾಟಲಿ ತೊಳೆದವರ ಹಸಿವು ಕೆರಳಿಸಲು ಅಷ್ಟು ಸಾಲದೇ?

ಮೇಡಂ ಮೇಜಿನ ಮೇಲೆ ಆರು ತಟ್ಟೆ ಸಾಲಾಗಿ ಇಟ್ಟರು. "ಈಗ ಬಡಿಸಿ ತೋರಿಸಿ. ಆರು ಜನರ ಊಟ!"

ಚಿಟಿಕೆ ಎರಡು ತಟ್ಟೆ ತೆಗೆದುಕೊಂಡು ನೆಲದ ಮೇಲೆ ಕೂತಳು. ಪಾತ್ರೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

"ಬಾರೇ ಇಲ್ಲಿ," ಎಂದು ಮಗಳನ್ನು ಕರೆದಳು.

ಹುಡುಗಿ ಅಷ್ಟು ಜನರ ನಡುವೆ ಹೆದರಿ ಹೆದರಿ ಬಂದಳು. ಅಮ್ಮ ತಟ್ಟೆ ತುಂಬ ಬಡಿಸಿದ್ದನ್ನು ನೋಡಿ, ಬಾಯಿಗೆ ರೂಢಿಯಾದ ಮಾತೇ ಬಂತು. "ನಂಗೆ ಹಸಿವಿಲ್ಲಮ್ಮ."

"ಇದೆ. ಕೂತ್ಕೋ. ತಿನ್ನು."

ಇಬ್ಬರೂ ತಿನ್ನತೊಡಗಿದರು.

"ಏನ್ ಮಾಡ್ತಿದ್ದೀರಮ್ಮಾ?" ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು.

"ಊಟ ಮಾಡ್ತಿದ್ದೀವಿ ಮೇಡಂ."

"ಅದು ಆರು ಜನರದ್ದು!"

"ಹೌದು. ಆರ್ ಜನರದ್ದೇ." ಚಿಟಿಕೆ ಇನ್ನೊಂದು ಸೌಟು ಮಗಳ ತಟ್ಟೆಗೆ ಹಾಕಿದಳು, ಇನ್ನೊಂದನ್ನು ತನ್ನ ತಟ್ಟೆಗೆ. ಬಿಸಿ ಗಂಜಿ ಗಂಟಲಲ್ಲಿ ಇಳಿಯುವಾಗ ನೋಯುತ್ತಿತ್ತು. ಹೊಟ್ಟೆ ಅನ್ನವನ್ನು ಮರೆತು ಎಷ್ಟೋ ಕಾಲವಾಗಿತ್ತು, ಒಳಗೆ ಹಿಂಡುತ್ತಿತ್ತು. ಅವಳು ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಬಿಸಿಗೋ ಬೇರೆಯದಕ್ಕೋ, ಒರೆಸಿಕೊಳ್ಳಲಿಲ್ಲ.

"ಏಯ್! ತಮಾಷೆ ಮಾಡ್ತಿದೀಯೇನೇ ಹಲ್ಕಾ?" ಧಣಿ ಕುರ್ಚಿಯಿಂದ ಎದ್ದ. "ಮೇಸ್ತ್ರೀ, ಎಬ್ಬಿಸೋ ಇವಳನ್ನ!"

ಮೇಸ್ತ್ರಿ ಒಂದು ಹೆಜ್ಜೆ ಇಟ್ಟ. ಗೋಡೆ ಕಡೆ ಮುಖ ಮಾಡಿದ್ದ ಬಾಯಿಬಡ್ಕಿ ಆಗ ತಿರುಗಿದ್ದಳು. ಅವಳ ಕಣ್ಣು ಪಾತ್ರೆಯ ಮೇಲೆ, ಆ ತಾಯಿ ಮಗಳ ಕೈಗಳ ಮೇಲೆ, ಮೇಜಿನ ಮೇಲೆ ಬೋಳಾಗಿ ಉಳಿದ ನಾಲ್ಕು ತಟ್ಟೆಗಳ ಮೇಲೆ ಓಡಾಡಿತು. ಅವಳು ಎದ್ದು ಬಂದು ಮೇಸ್ತ್ರಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಉಣ್ಣೋರನ್ನ ಎಬ್ಬಿಸ್ತೀಯೇನೋ, ನಾಯಿ? ಮುಟ್ಟು ನೋಡಣ."

ಮೇಸ್ತ್ರಿ ಮುಟ್ಟಲಿಲ್ಲ.

ಗಂಜಿ ಮುಗಿಯಿತು. ಆರು ಜನರಿಗೆಂದು ಬೇಯಿಸಿದ್ದು ಒಂದು ಬಡಕಲು ಹೆಂಗಸಿಗೆ, ಒಂದು ಬಡಕಲು ಹುಡುಗಿಗೆ ಆಗಿ ಮುಗಿಯಿತು. ಹುಡುಗಿ ಅಭ್ಯಾಸ ಬಲದಿಂದ ಪಾತ್ರೆ ಎಳೆದುಕೊಂಡು ತಳಕ್ಕೆ ಚಮಚ ಹಾಕಿದಳು. ಕರ್. ಆ ಸದ್ದಿಗೆ ನೆಲದ ಮೇಲೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯೆತ್ತಿದರು. ಅಲ್ಲಿ ಅದನ್ನು ಅರಿಯದ ಹೆಂಗಸು ಒಬ್ಬಳೂ ಇರಲಿಲ್ಲ.

"ಬಿಡು. ತಳ ನೀನ್ ತಿನ್ಬೇಡ," ಎಂದಳು ಚಿಟಿಕೆ.

ಮೆಲ್ಲಗೆ, ನೆಲಕ್ಕೆ ಕೈಯೂರಿ ಎದ್ದಳು. ಪಾತ್ರೆ ಎತ್ತಿಕೊಂಡು ಹೋಗಿ ಧಣಿಯ ಮುಂದೆ ಮೇಜಿನ ಮೇಲೆ ಇಟ್ಟಳು. ಒಳಗೆ ತಳಕ್ಕೆ ಸೀದು ಹಿಡಿದ ಒಂದಿಷ್ಟು ಕಪ್ಪು ಅಂಟಿತ್ತು. ಚಮಚವನ್ನೂ ಅದರಲ್ಲೇ ಇಟ್ಟಳು.

"ಇದು ನನ್ ಪಾಲು ಧಣೇರೇ. ದಿನಾ ನಾನ್ ತಿನ್ನೋದು ಇದೇ. ಬಹುಮಾನ ಕೊಟ್ರಲ್ಲ, ಇದಕ್ಕೇ ಕೊಟ್ಟಿದ್ದು. ಇವತ್ತು ನೀವ್ ತಿನ್ನಿ. ಕೆರ್ದು ತಿನ್ಬೇಕು."

ಧಣಿ ಪಾತ್ರೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದ. ಮೇಡಂ ಆರು ಜನ ಎಂದು ತಾವೇ ಸಾಲಾಗಿ ಇಟ್ಟ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಕಿಟಕಿಯಾಚೆ ಗೇಟಿನ ಬಳಿ ಚಿಟಿಕೆಯ ಗಂಡ ಸ್ಟೂಲಿನಿಂದ ಎದ್ದು ನಿಂತು ಈ ಕಡೆಯೇ ನೋಡುತ್ತಿದ್ದ. ನಾಳೆ ಆ ಸ್ಟೂಲು ಅಲ್ಲಿರುವುದಿಲ್ಲ, ಅದು ಅವನಿಗೂ ಗೊತ್ತು, ಇವಳಿಗೂ ಗೊತ್ತು.

ಆಗ ನೆಲದ ಮೇಲೆ ಕೂತಿದ್ದ ಹುಡುಗಿ ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕುರ್ಚಿಯವರಿಗೂ ನೆಲದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅಮ್ಮಾ, ನಂಗಿನ್ನೂ ಹಸಿವು."